ಹೊರೆಗಲ್ಲಿನ ಎತ್ತರ

ಮಳವಳ್ಳಿಯ ಬಸ್ ನಿಲ್ದಾಣದ ಮೂಲೆಯಲ್ಲಿ ಮುಸುಕಿನ ಜೋಳ ಸುಡುತ್ತಿದ್ದ ಹೆಂಗಸು, ಇವತ್ತಿಗೆ ವ್ಯಾಪಾರ ಸಾಕೆಂದು ಕೆಂಡದ ಮೇಲೆ ನೀರು ಚಿಮುಕಿಸಿದಳು. ಉಳಿದ ಇದ್ದಿಲು ನಾಳೆಗಾಗಲಿ ಎಂದಿರಬೇಕು. ಚುಂಯ್ ಎಂದು ಎದ್ದ ಹಬೆ ಗಾಳಿಗೆ ನನ್ನ ಕಡೆ ತಿರುಗಿತು. ತಂಗಿಯ ಮೊಮ್ಮಗನ ನಾಮಕರಣ ಮುಗಿಸಿಕೊಂಡು ಮೈಸೂರಿಗೆ ಹಿಂದಿರುಗಲು ನಿಂತಿದ್ದೆ. ಬಸ್ಸು ಇನ್ನೂ ಒಂದು ಗಂಟೆ ತಡ ಎಂದು ಯಾರೋ ಹೇಳಿದ್ದರು. ಅರವತ್ತೇಳು ದಾಟಿದ ಮುದುಕನಿಗೆ ನೆಂದ ಇದ್ದಿಲಿನ ವಾಸನೆ ಅಂಥದ್ದೇನೂ ಮಾಡಬಾರದು. ಆದರೂ ಕೈಲಿದ್ದ ಚೀಲವನ್ನು ಎಲ್ಲಿ ಇಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತೆ.

ನಾನು ಮಳವಳ್ಳಿಗೆ ಬಂದ ವರ್ಷ ಇಲ್ಲಿನ ಬಸ್ಸುಗಳಿಗೆಲ್ಲ ಇದೇ ವಾಸನೆ. ಯುದ್ಧ ಮುಗಿದು ವರ್ಷವಾಗುತ್ತ ಬಂದಿತ್ತು. ಸಿಪಾಯಿಗಳು ಊರಿಗೆ ವಾಪಸ್ಸು ಬಂದಿದ್ದರು, ಪೆಟ್ರೋಲು ಮಾತ್ರ ಇನ್ನೂ ಬಂದಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿ, ಅದರೊಳಗೆ ಇದ್ದಿಲು ಉರಿಸಿ, ಅದರ ಹೊಗೆಯ ಬಲದಲ್ಲಿ ಎಂಜಿನ್ನು ಓಡಿಸುತ್ತಿದ್ದರು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ದೊಡ್ಡ ರಾಮಾಯಣ. ಹಾಗಾಗಿ ಡ್ರೈವರುಗಳು ನಡುದಾರಿಯಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ, ಜನ ಪಕ್ಕದಲ್ಲಿ ಓಡಿಕೊಂಡು ಹತ್ತುತ್ತಿದ್ದರು.

ನಾನು ಆಗ ಮರಾಮತ್ತು ಇಲಾಖೆಯಲ್ಲಿ ಓವರ್ಸಿಯರ್. ವಯಸ್ಸು ಇಪ್ಪತ್ತಾರು. ಆ ವರ್ಷ ಯುಗಾದಿ ಕಳೆದ ಹತ್ತನೆಯ ದಿನ ನನ್ನ ಹೆಂಡತಿ ಮೈಸೂರಿನಲ್ಲಿ ತೀರಿಕೊಂಡಳು. ಬಸುರಿ. ಮಗು ಹೊಟ್ಟೆಯಲ್ಲಿರುವಂತೆಯೇ ಹೋದಳು. ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಹದಿಮೂರು ದಿನ ಕಾದೆ. ಸಮಾಧಾನ ಹೇಳಲು ಬಂದವರು ಅವಳ ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲ ಮಾತಾಡಿದರು; ಹೆಸರು ಹೇಳಿದರೆ ನನಗೆ ನೋವಾಗುತ್ತದೆ ಎಂದು ಅವರ ಎಣಿಕೆ. ಹದಿನಾಲ್ಕನೆಯ ದಿನ ಸೋದರಮಾವ ಒಂದು ಜಾತಕ ಹಿಡಿದುಕೊಂಡು ಬಂದರು. ನಾನು ಮೇಲಿನವರಿಗೆ ಬರೆದು ವರ್ಗ ಬೇಡಿದೆ. ಎಲ್ಲಿಗೆ ಎಂದು ಕೇಳಲಿಲ್ಲ, ಮಳವಳ್ಳಿ ಬಂತು.

ಮಳವಳ್ಳಿಯಲ್ಲಿ ಒಂದು ಮನೆಯ ಹಿಂದುಗಡೆ ಕೋಣೆ ಹಿಡಿದೆ, ಊಟಕ್ಕೆ ಹೋಟೆಲು. ಒಂದು ದಿನ ಎಲೆಗೆ ಬಡಿಸಿದ ಸಾರಿಗೆ ಉಪ್ಪೇ ಇಲ್ಲವೆಂದು ಪಕ್ಕದವರು ಜಗಳ ತೆಗೆದರು. ನಾನು ಆಗಲೇ ಊಟ ಮುಗಿಸಿ ಕೈ ತೊಳೆದಿದ್ದೆ. ಹೀಗಿತ್ತು ನನ್ನ ಅವಸ್ಥೆ. ದುಃಖವಿತ್ತು ಎಂದರೆ ಸುಳ್ಳು. ಹಲ್ಲು ಕೀಳುವ ಮುಂಚೆ ಡಾಕ್ಟರು ಮದ್ದು ಚುಚ್ಚಿದಾಗ ದವಡೆ ಇದೆಯೋ ಇಲ್ಲವೋ ಎನಿಸುತ್ತದಲ್ಲ, ನನಗೆ ಇಡೀ ಮೈ ಹಾಗಿತ್ತು. ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿದ್ದೆ. ಸರಪಳಿ ಎಳೆದು ಅಳೆಯುವುದಕ್ಕೆ, ಬರೆದುಕೊಳ್ಳುವುದಕ್ಕೆ ಮನಸ್ಸು ಬೇಕಾಗುವುದಿಲ್ಲ.

ನಮ್ಮ ಇಂಜಿನಿಯರು ಮದ್ದೂರಿನಲ್ಲಿರುತ್ತಿದ್ದರು. ಪರದೇಶದ ಪತ್ರಿಕೆಗಳನ್ನು ತರಿಸಿ ಓದುವ, ಹೊಸ ಕಾಲದ ಮನುಷ್ಯ. ಪೂರ್ವದಿಂದ, ಮುತ್ತತ್ತಿ ಕಡೆಯಿಂದ, ಮಳವಳ್ಳಿಯ ಪೇಟೆಗೆ ಬಂದು ಸೇರುವ ಅರ್ಧ ಮೈಲಿ ರಸ್ತೆಯನ್ನು ಹೊಸದಾಗಿ ಮಾಡಬೇಕೆಂದು ಅವರಿಗೆ ಹುಮ್ಮಸ್ಸು. ಅಲ್ಲಿ ಎತ್ತಿನ ಗಾಡಿ, ಬಸ್ಸು, ಸೈಕಲ್ಲು, ಕುರಿ, ಮನುಷ್ಯರು ಎಲ್ಲ ಒಂದರ ಮೈಮೇಲೆ ಒಂದು ಹೋಗುತ್ತಿದ್ದರು.

"ರಸ್ತೆ ಅಂದ್ರೆ ಮೋಟಾರಿಗೆ ಅಂತ ಯಾರ್ರೀ ಹೇಳಿದ್ದು? ನಡೆಯೋರು, ಸೈಕಲ್ಲಿನೋರು, ಬಸ್ಸಿಗೆ ಕಾಯೋರು, ಗಾಡಿ ಹೊಡೆಯೋರು, ನಾಲ್ಕು ಜನಕ್ಕೂ ಅದೇ ರಸ್ತೆ. ನಾಲ್ವರಿಗೂ ಜಾಗ ಮಾಡಿ ಒಂದೇ ಹಾಳೇಲಿ ಬರೆದು ತನ್ನಿ. ಮೊದಲು ಮೂರು ದಿನ ಕೂತು ಯಾರ್ಯಾರು ಓಡಾಡ್ತಾರೆ ಎಣಿಸಿ," ಎಂದರು.

ಎಣಿಸಲು ಕಚೇರಿಯ ಅಚ್ಚಾದ ಫಾರಂ ಇತ್ತು. ಮೋಟಾರಿಗೊಂದು ಕಲಂ, ಬಸ್ಸಿಗೊಂದು, ಗಾಡಿಗೊಂದು, ಸೈಕಲ್ಲಿಗೊಂದು, ದನಕರುಗಳಿಗೂ ಒಂದು. ಕಾಲ್ನಡಿಗೆಯವರಿಗೆ ಮಾತ್ರ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ನಾನೇ ಒಂದು ಗೆರೆ ಎಳೆದು ಕಲಂ ಮಾಡಿಕೊಂಡೆ. ಅದಕ್ಕೆ ಇಂಜಿನಿಯರು ಆಮೇಲೆ ಭೇಷ್ ಎಂದರು. ಮೊದಲ ದಿನ ಮಧ್ಯಾಹ್ನದೊಳಗೆ ಆ ಕಲಂ ತುಂಬಿ ಹಾಳೆಯ ಹಿಂಬದಿಗೆ ಹೋಯಿತು.

ನಾನು ಕೂತು ಎಣಿಸಿದ್ದು ಮಹಬೂಬ್ ಸಾಬರ ಸೈಕಲ್ ಅಂಗಡಿಯ ಮುಂದಿನ ಬೆಂಚಿನ ಮೇಲೆ. ಮಹಬೂಬ್ ಸಾಬರು ಸೈಕಲ್ಲು ಬಾಡಿಗೆಗೆ ಕೊಡುತ್ತಿದ್ದರು, ಬಸ್ಸಿನ ಇದ್ದಿಲು ಪೀಪಾಯಿ ಕೆಟ್ಟರೆ ಅದನ್ನೂ ಬಿಚ್ಚಿ ಹಾಕುತ್ತಿದ್ದರು. ನಲವತ್ತರ ಮೇಲಿನ ವಯಸ್ಸು, ಮೊಣಕೈವರೆಗೆ ಗ್ರೀಸು, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಅರೆ ಸ್ವಾಮಿ, ಬಸ್ ಎಣ್ಸಕ್ಕೆ ಮೂರು ದಿನ ಯಾಕೆ? ದಿನಕ್ಕೆ ನಾಕು ಬತ್ತವೆ. ಒಂದು ನನ್ ಅಂಗ್ಡಿ ಮುಂದೇ ಕೆಟ್ಟು ನಿಲ್ತದೆ. ಬರ್ಕೊಳಿ, ಮೂರು!"

ಅಂಗಡಿಯ ಎದುರಿಗೆ, ಹುಣಿಸೆಮರದ ಪಕ್ಕದಲ್ಲಿ, ಆ ಹೊರೆಗಲ್ಲು. ಎರಡು ನಿಲುವುಗಲ್ಲು ನೆಟ್ಟು ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಮಲಗಿಸಿದ್ದರು. ಬಾಗಿಲಿಲ್ಲದ ಬಾಗಿಲುವಾಡದ ಹಾಗೆ ಬಯಲಲ್ಲಿ ನಿಂತಿತ್ತು. ಮೂರು ಮೈಲಿ ಆಚೆಯ ಕುರುಚಲು ಕಾಡಿನಿಂದ ತಲೆಯ ಮೇಲೆ ಸೌದೆ ಹೊತ್ತು ಪೇಟೆಗೆ ಮಾರಲು ಬರುವ ಹೆಂಗಸರು ಅಲ್ಲಿಗೆ ಬಂದು, ಚಪ್ಪಡಿಗೆ ಎದುರಾಗಿ ನಿಂತು, ತಲೆಯನ್ನು ಒಂದಿಷ್ಟು ಮುಂದಕ್ಕೆ ಒಡ್ಡುತ್ತಿದ್ದರು. ಹೊರೆ ತಾನಾಗಿ ಜಾರಿ ಕಲ್ಲಿನ ಮೇಲೆ ಕೂರುತ್ತಿತ್ತು. ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡು, ಎಲೆಯಡಿಕೆ ಹಾಕಿಕೊಂಡು, ಮತ್ತೆ ಹೊರೆಯ ಕೆಳಗೆ ತಲೆ ಕೊಟ್ಟು ಎದ್ದು ಹೋಗುತ್ತಿದ್ದರು. ಇದನ್ನು ಮೂರು ದಿನವೂ ನೋಡಿದೆ. ಎಲ್ಲರನ್ನೂ 'ಕಾಲ್ನಡಿಗೆ' ಎಂದು ಎಣಿಸಿ ಗೀಟು ಹಾಕಿಕೊಂಡೆ. ತಲೆಯ ಮೇಲೆ ಏನಿದೆ ಎಂದು ಬರೆಯಲು ನನ್ನ ಕಲಮಿನಲ್ಲಿ ಜಾಗ ಇರಲಿಲ್ಲ, ತಲೆಯಲ್ಲೂ ಇರಲಿಲ್ಲ.

ಮೂರನೆಯ ದಿನ ಅವರಲ್ಲಿ ಒಬ್ಬಾಕೆ ಹೊರೆ ಇಳಿಸಿ ನೇರ ನನ್ನ ಬಳಿಗೆ ಬಂದಳು. ಐವತ್ತರ ಆಸುಪಾಸು, ಕುಳ್ಳಗೆ ಗಟ್ಟಿ ಆಳು, ಕತ್ತು ಮಾತ್ರ ಕಂಬದಂತೆ ನೆಟ್ಟಗೆ. ಹೆಸರು ಚಿಕ್ಕತಾಯಮ್ಮ ಎಂದು ಮಹಬೂಬ್ ಸಾಬರು ಹೇಳಿದರು.

"ಏನ್ ಬುದ್ದಿ, ಮೂರ್ ದಿನದಿಂದ ನಮ್ಮನ್ನೆಲ್ಲ ಬರ್ಕೋತಾವ್ರೆ? ಯುದ್ದ ಮುಗೀತಲ್ಲ, ಇನ್ನೂ ಜನ ಬೇಕಾ?" ಎಂದಳು.

"ರಸ್ತೆ ಅಗಲ ಮಾಡ್ತೀವಮ್ಮ. ನಿಮಗೆ ನಡೆಯೋಕೆ ಬೇರೆ ದಾರೀನೇ ಮಾಡ್ತೀವಿ."

"ಮಾಡಿ ಬುದ್ದಿ. ಅಗ್ಲ ಮಾಡದ್ರೆ ಆ ಕಲ್ಲೇನಾಯ್ತದೆ?"

ನಾನು ನಕ್ಷೆಯ ಮೇಲೆ ಕಣ್ಣಾಡಿಸಿದೆ. ಕಲ್ಲು ಗಾಡಿದಾರಿಯ ನಡುವಿಗೇ ಬರುತ್ತಿತ್ತು. ಹಾಗೆಂದು ಹೇಳಿದೆ. ಅವಳು ಕಲ್ಲಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಅದು ಓಗಂಗಿಲ್ಲ ಬುದ್ದಿ. ನಮ್ಮನೆಯವ್ರು ನಿಲ್ಸಿರಾದು."

"ಹೋಗಲ್ಲಮ್ಮ. ಪಕ್ಕಕ್ಕೆ ಸರಿಸಿ, ನಡೆಯೋರ ದಾರೀಲೇ ಹಾಕಿಸ್ತೀನಿ."

"ಮಾತ್ ಕೊಡ್ತೀರಾ?"

"ಕೊಟ್ಟೆ," ಎಂದೆ. ಯಾಕೆ ನಿಲ್ಲಿಸಿದಿರಿ, ಯಾರಿಗಾಗಿ ಎಂದು ಕೇಳಬಹುದಿತ್ತು. ಯಾರೇ ಆದರೂ ಕೇಳುತ್ತಿದ್ದರು. ಆ ವರ್ಷ ನಾನು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ನನ್ನನ್ನೂ ಯಾರೂ ಕೇಳದಿದ್ದರೆ ಸಾಕಾಗಿತ್ತು. ಅವಳು ಕಲ್ಲಿಗೆ ಹೋಗಿ ತಲೆ ಕೊಟ್ಟು ಎದ್ದು ಪೇಟೆ ಕಡೆ ನಡೆದಳು. ನಾನು ಅವಳ ಲೆಕ್ಕಕ್ಕೆ ಒಂದು ಗೀಟು ಎಳೆದೆ.

ಮಳೆಗಾಲ ಪೂರ್ತಿ ನಕ್ಷೆಯ ಕೆಲಸ. ನಡುವೆ ಜಲ್ಲಿ ಹಾಕಿ ಗಟ್ಟಿ ಮಾಡಿದ ದಾರಿ ಬಸ್ಸು ಲಾರಿಗಳಿಗೆ. ಅದರ ಎರಡೂ ಕಡೆ ಮಣ್ಣಿನ ದಾರಿ ಎತ್ತಿನ ಗಾಡಿಗೆ. ಕಬ್ಬಿಣದ ಪಟ್ಟಿಯ ಚಕ್ರ ಜಲ್ಲಿಯನ್ನು ಕಿತ್ತುಹಾಕುತ್ತದೆ, ಎತ್ತಿನ ಗೊರಸಿಗೂ ಮಣ್ಣೇ ಹಿತ. ಸೈಕಲ್ಲಿಗೆ ಮೂರಡಿಯ ಪಟ್ಟಿ. ಮಹಬೂಬ್ ಸಾಬರು ಅದನ್ನು ನೋಡಿ, "ಮೂರಡಿ ಸಾಕಾಗಲ್ಲ ಸ್ವಾಮಿ, ನಮ್ಮ ಗಿರಾಕಿಗಳು ನೆಟ್ಟಗೆ ಎಲ್ಲಿ ಓಡಿಸ್ತವ್ರೆ?" ಎಂದು ತಕರಾರು ತೆಗೆದು ನಾಲ್ಕು ಮಾಡಿಸಿಕೊಂಡರು. ಅಂಚಿಗೆ ಕಲ್ಲು ಕಟ್ಟಿ ಎತ್ತರಿಸಿದ ಕಾಲುದಾರಿ. ಹುಣಿಸೆಮರದ ಕೆಳಗೆ ಬಸ್ಸು ನಿಲ್ಲಲು ಒಂದು ಒಳಸರಿದ ಜಾಗ. ಅಲ್ಲಿ ರಸ್ತೆ ಕೊಂಚ ಇಳಿಜಾರು, ನಿಂತ ಇದ್ದಿಲು ಬಸ್ಸು ತಳ್ಳಿಸಿಕೊಳ್ಳದೆ ಹೊರಡುತ್ತದೆ. ಇದೂ ನನ್ನದೇ ಯೋಚನೆ. ಎಲ್ಲ ಸರಿಹೋಗಿ ಒಂದೇ ಉಳಿಯಿತು: ಬಸ್ಸಿಗೆ ಕಾಯುವವರು ಕೂರುವುದೆಲ್ಲಿ? ಅದಕ್ಕೆ ಬೇರೆ ಕಲ್ಲು ಮಂಜೂರಾಗಿರಲಿಲ್ಲ.

ಒಂದು ಮಧ್ಯಾಹ್ನ ಪ್ರವಾಸಿ ಬಂಗಲೆಯ ಜಗಲಿಯಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದಾಗ ಹೊಳೆಯಿತು. ಚಿಕ್ಕತಾಯಮ್ಮನ ಕಲ್ಲು ಹೇಗೂ ಇದೆ. ಅದನ್ನೇ ಕಾಲುದಾರಿಗೆ ತಂದು, ನಿಲುವುಗಲ್ಲುಗಳನ್ನು ಮೊಟಕು ಮಾಡಿ, ಹದಿನೆಂಟು ಅಂಗುಲ ಎತ್ತರಕ್ಕೆ ಗಾರೆಯಲ್ಲಿ ಕೂರಿಸಿದರೆ ಬೆಂಚಾಗುತ್ತದೆ. ಬಸ್ಸಿನವರು ಕೂರುತ್ತಾರೆ, ಸೌದೆಯವರು ಹೊರೆ ಇಡುತ್ತಾರೆ, ಅವರೂ ಒಂದು ಗಳಿಗೆ ಕೂತು ಸುಧಾರಿಸಿಕೊಳ್ಳಲಿ, ಪಾಪ. ಕೊಟ್ಟ ಮಾತೂ ಉಳಿಯಿತು. ಹಾಗೆ ಬರೆದು ಮುಗಿಸಿದಾಗ ನನಗೆ ಸಣ್ಣದೊಂದು ಹೆಮ್ಮೆಯಾಯಿತು. ತಿಂಗಳುಗಳ ಮೇಲೆ ಏನಾದರೂ ಆದದ್ದು ಅದೇ ಮೊದಲು.

ತಲೆಯ ಮೇಲೆ ಎಂದೂ ಒಂದು ಕಟ್ಟು ಹುಲ್ಲನ್ನೂ ಹೊರದವನು ಮಾಡುವ ತಪ್ಪು ಅದು. ನಾನು ಮಾಡಿದೆ, ಇಂಜಿನಿಯರು ರುಜು ಹಾಕಿದರು.

ಸುಗ್ಗಿ ಮುಗಿಯುವ ಹೊತ್ತಿಗೆ ಕೆಲಸ ಹಿಡಿದೆವು. ಕಲ್ಲು ಕೆಲಸಕ್ಕೆ ತಿಮ್ಮಬೋವಿ ಎಂಬ ಹಿರಿಯ ಕಲ್ಲುಕುಟಿಗನನ್ನು ಗೊತ್ತು ಮಾಡಿದ್ದೆ. ನಾನು ಜಲ್ಲಿಯ ವಿಚಾರಕ್ಕೆ ಒಂದು ವಾರ ಮದ್ದೂರಿನಲ್ಲಿ ಉಳಿಯಬೇಕಾಯಿತು. ಹೊರಡುವಾಗ ನಕ್ಷೆಯ ಒಂದು ಪ್ರತಿ ಅವನ ಕೈಗೆ ಕೊಟ್ಟೆ. ಅವನು ಹೊರೆಗಲ್ಲಿನ ಮೇಲೆ ಬೆರಳಿಟ್ಟು, "ಇಷ್ಟೇ ಎತ್ರನಾ ಸ್ವಾಮಿ?" ಎಂದು ಎರಡು ಸಲ ಕೇಳಿದ. "ಬರೆದಿರೋ ಹಾಗೆ ಮಾಡಯ್ಯ," ಎಂದು ರೇಗಿದೆ.

ವಾರದ ಮೇಲೆ ವಾಪಸ್ಸು ಬಂದು ಬಸ್ಸಿಳಿದೆ. ಬೆಂಚು ಸಿದ್ಧವಾಗಿತ್ತು. ಐದು ಜನ ಆರಾಮಾಗಿ ಕೂತಿದ್ದರು. ಒಬ್ಬ ಶಾನುಭೋಗರು ಕಾಲು ಮಡಿಚಿ ಕೂತು ನಶ್ಯ ಏರಿಸುತ್ತಿದ್ದರು. "ಒಳ್ಳೇ ಕೆಲಸ ಮಾಡಿದ್ರಿ ಓವರ್ಸಿಯರೇ," ಎಂದರು. ನಾನು ಇನ್ನೂ ಅಲ್ಲೇ ನಿಂತಿರುವಾಗ ಚಿಕ್ಕತಾಯಮ್ಮ ತಲೆಯ ಮೇಲೆ ಸೌದೆ ಹೊತ್ತು ಬಂದಳು. ಹಿಂದಿನ ದಿನ ಅವಳು ಹೋದ ಮೇಲಷ್ಟೇ ಕಲ್ಲು ಕಿತ್ತು ತಂದು ಗಾರೆ ಮುಗಿಸಿದ್ದರಂತೆ. ಅವಳು ನೋಡುತ್ತಿರುವುದು ಅದೇ ಮೊದಲು.

ಅವಳು ಬೆಂಚಿನ ಮುಂದೆ ಬಂದು ನಿಂತಳು. ಕತ್ತು ಬಗ್ಗಿಸುವ ಹಾಗಿಲ್ಲ, ಬಗ್ಗಿಸಿದರೆ ಹೊರೆ ಮುಂದಕ್ಕೆ ಬೀಳುತ್ತದೆ. ಕುಕ್ಕರಿಸುವ ಹಾಗಿಲ್ಲ, ಕುಕ್ಕರಿಸಿದರೆ ಏಳಲಾಗುವುದಿಲ್ಲ. ಕಣ್ಣು ಮಾತ್ರ ಕೆಳಗೆ ಮಾಡಿ ನೋಡಿದಳು. ಬೆಂಚಿನ ಸುತ್ತ ಒಂದು ಸುತ್ತು ಬಂದಳು. ಕೂತವರಲ್ಲಿ ಯಾರೂ ಏಳಲಿಲ್ಲ. ಎದ್ದಿದ್ದರೂ ಏನೂ ಆಗುತ್ತಿರಲಿಲ್ಲ. ಆಮೇಲೆ ನನ್ನನ್ನು ಕಂಡಳು.

"ಬುದ್ದಿ, ನನ್ ಮಗ್ಳ ಮ್ಯಾಲೆ ಕುಂತವ್ರೆ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ.

ಮಹಬೂಬ್ ಸಾಬರು ಅಂಗಡಿಯಿಂದ ಓಡಿಬಂದರು. ಅವರೊಂದು ಕಡೆ, ನಾನೊಂದು ಕಡೆ ಹಿಡಿದು ಹೊರೆಯನ್ನು ಇಳಿಸಿದೆವು. ನನ್ನ ಭುಜ ಕಳಚಿಬಿದ್ದ ಹಾಗಾಯಿತು. ಅವಳು ದಿನಾ ಒಬ್ಬಳೇ ಇಳಿಸುತ್ತಿದ್ದುದನ್ನು ಇಳಿಸಲು ಇಬ್ಬರು ಗಂಡಸರು ಬೇಕಾದೆವು. ಅವಳು ನೆಲದ ಮೇಲೆ ಕೂತು ಸಿಂಬೆಯನ್ನು ಕೈಯಲ್ಲಿ ಹಿಂಡುತ್ತ ಹೇಳಿದಳು.

"ನಮ್ ಪುಟ್ಟಿ ಬಸುರೀಲೇ ಓದ್ಲು ಬುದ್ದಿ. ಕೂಸು ಒಟ್ಟೇಲೇ ಉಳ್ಕೊತು. ಅಂಗ್ ಓದೋರಿಗೆ ಅಲ್ಲಿ ಬಾರ ಇಳ್ಸ್ಕೊಳೋರು ಯಾರೂ ಇರಾಕಿಲ್ವಂತೆ. ಹೊತ್ಕೊಂಡೇ ತಿರುಗ್ತಿರ್ತಾರಂತೆ. ಅದ್ಕೇ ದಾರೀಲಿ ಕಲ್ಲು ನಿಲ್ಸಾದು. ಇಲ್ಲಿ ಯಾರ್ಯಾರು ಹೊರೆ ಇಳುಸ್ತಾರೋ ಅಷ್ಟಷ್ಟು ಅವ್ಳಿಗಲ್ಲಿ ಅಗುರಾಯ್ತದೆ. ನಾಕು ವರ್ಸ ಆಯ್ತು. ನಾನೂ ದಿನಾ ಒಂದು ಇಳುಸ್ತೀನಿ. ಈಗ್ ಯಾರು ಇಳುಸ್ತಾರೆ ಬುದ್ದಿ ಇದ್ರ ಮ್ಯಾಲೆ?"

ಶಾನುಭೋಗರು ಮೆಲ್ಲಗೆ ಎದ್ದು ನಿಂತರು. ಅವಳ ಮಾತು ಕಿವಿಗೆ ಬಿದ್ದಿತ್ತು, ಅದರ ಅರ್ಥವೂ ಆಗಿತ್ತು. ನನಗೂ ಅದಕ್ಕೂ ಏನು ಸಂಬಂಧ ಎಂಬುದೂ ಗೊತ್ತಿತ್ತು. ಆದರೂ ಒಳಗೆ ಏನೂ ಅಲ್ಲಾಡಲಿಲ್ಲ. 'ಸರಿಮಾಡಿಸಬೇಕು' ಎಂದಷ್ಟೇ ಅಂದುಕೊಂಡೆ, ಒಡೆದ ಮೋರಿ ಕಂಡಾಗ ಅಂದುಕೊಳ್ಳುವ ಹಾಗೆ.

ಮಾರನೆಯ ಬೆಳಿಗ್ಗೆ ಮದ್ದೂರಿಗೆ ಹೋಗಿ ಇಂಜಿನಿಯರಿಗೆ ಹೇಳಿದೆ. ಅವರು ನಕ್ಷೆ ತರಿಸಿ ನೋಡಿದರು.

"ಹದಿನೆಂಟಂಗುಲ ಯಾಕೆ ಹಾಕಿದ್ರಿ?"

"ಕೂರೋ ಎತ್ತರ ಸರ್."

"ಹೊರೋರನ್ನ ಕೇಳಿದ್ರಾ?"

"ಇಲ್ಲ ಸರ್."

"ನಾನೂ ನಿಮ್ಮನ್ನ ಕೇಳಲಿಲ್ಲ," ಎಂದು ಕನ್ನಡಕ ತೆಗೆದಿಟ್ಟರು. "ಹೋಗಿ ಸರಿಮಾಡಿ."

ಅಲ್ಲಿಂದ ಬಂದವನು ಅವತ್ತೇ ಮಧ್ಯಾಹ್ನ ತಿಮ್ಮಬೋವಿಯನ್ನು ಕರೆಸಿದೆ. ಗಾರೆ ಈಗಷ್ಟೇ ಕಚ್ಚಿಕೊಂಡಿದೆ, ನಾಲ್ಕು ದಿನ ಸುತ್ತಲೂ ಬಿಡಿಸಿ ಮೆಲ್ಲಗೆ ಎಬ್ಬಿಸೋಣ ಎಂದ. ನಾನು ಕೇಳಲಿಲ್ಲ. ನಾಳೆ ಅವಳು ಬರುವ ಹೊತ್ತಿಗೆ ಕಲ್ಲು ಮೊದಲಿನ ಹಾಗೆ ನಿಂತಿರಬೇಕು ಎಂದು ಹಟ ಹಿಡಿದೆ. ಹಾರೆ ಕೊಟ್ಟು ಮೀಟಿದರು. ಒಂದು ತುದಿ ಎದ್ದಿತು, ಇನ್ನೊಂದು ಏಳಲಿಲ್ಲ. ಟಣ್ ಎಂದು ಸದ್ದಾಗಿ ಚಪ್ಪಡಿ ನಡುವಿಗೆ ಸರಿಯಾಗಿ ಎರಡು ಹೋಳಾಯಿತು.

ತಿಮ್ಮಬೋವಿ ಹಾರೆ ಕೆಳಗಿಟ್ಟು ತಲೆಯ ಮೇಲಿನ ಬಟ್ಟೆ ತೆಗೆದ. ನನ್ನ ಮುಖ ನೋಡಲಿಲ್ಲ.

ಮರುದಿನ ಅವಳು ಬರುವ ದಾರಿಯಲ್ಲಿ ಕಾದು ನಿಂತೆ. ನಾನೂ ತಿಮ್ಮಬೋವಿಯೂ ಸೇರಿ ಅವಳ ಹೊರೆ ಇಳಿಸಿದೆವು. "ಕಲ್ಲು ಒಡೆದುಹೋಯ್ತಮ್ಮ. ಆತುರ ಮಾಡಿದ್ದು ನಾನು," ಎಂದೆ. ಬೈಯಲಿ, ಮಣ್ಣು ತೂರಲಿ ಎಂದಿತ್ತು ಮನಸ್ಸು. ಅವಳು ಹೋಳುಗಳ ಹತ್ತಿರ ಕೂತು ಒಡೆದ ಅಂಚಿನ ಮೇಲೆ ಅಂಗೈ ಆಡಿಸಿದಳು. ಹಳೆಯ ಕಲ್ಲು ಮೇಲೆ ನುಣುಪು, ಒಡೆದಲ್ಲಿ ಮಾತ್ರ ಹೊಸದರಂತೆ ಮಿಣಮಿಣ ಹೊಳೆಯುತ್ತಿತ್ತು.

"ನಾಕು ವರ್ಸ ಎಷ್ಟ್ ಜನ ಇಳ್ಸವ್ರೆ ಇದ್ರ ಮ್ಯಾಲೆ," ಎಂದಳು ಕೊನೆಗೆ. "ಅವ್ಳ್ದು ಇಳ್ದೋಗಿರ್ಬೇಕು ಬುಡಿ. ಅದ್ಕೇ ಒಡೀತು." ಆ ಮಾತನ್ನು ಅವಳು ನಂಬಿದಳೋ, ನನ್ನನ್ನು ಉಳಿಸಲು ಹೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಹೊಸ ಚಪ್ಪಡಿ ತರಿಸ್ತೀನಮ್ಮ. ಮೊದಲಿನ ಎತ್ತರಕ್ಕೇ ನಿಲ್ಲಿಸ್ತೀವಿ."

ತಿಮ್ಮಬೋವಿ ತಲೆಯಾಡಿಸಿದ. "ಸುಮ್ಸುಮ್ನೆ ಹೊರೆಗಲ್ಲು ನಿಲ್ಸಂಗಿಲ್ಲ ಸ್ವಾಮಿ. ಅಂಗ್ ಓದೋಳೊಬ್ಳ ಹೆಸ್ರಿರ್ಬೇಕು. ಹೆಸ್ರಿಲ್ದೆ ನಾನು ಉಳಿ ಮುಟ್ಟಾಕಿಲ್ಲ. ಈಯಮ್ಮನ ಮಗ್ಳ ಹೆಸ್ರು ಈ ಒಡ್ದ ಕಲ್ಲಿಗೋಯ್ತು, ಎರಡ್ನೇ ಕಿತ ಇಡಂಗಿಲ್ಲ."

ಚಿಕ್ಕತಾಯಮ್ಮ ಎದ್ದು ಸೆರಗು ಕೊಡವಿದಳು. "ಸುತ್ತ ನಾಕಳ್ಳಿ ಕೇಳ್ಕಂಡ್ ಬತ್ತೀನಿ. ಯಾರ್ ಮನೇಲಾದ್ರೂ ಇರ್ತದೆ. ನಮ್ಮ ಹೆಂಗಸ್ರು ಅಲ್ಲಿಗಂಟ ಎಲ್ಲಿ ಇಳಿಸ್ಬೇಕು, ಪಾಪ."

"ಕೇಳೋದು ಬೇಡಮ್ಮ," ಎಂದೆ. ದನಿ ಯಾರದೋ ಎನಿಸಿತು. "ನಮ್ಮ ಮನೇಲೇ ಇದೆ."

ಅವಳು ನನ್ನನ್ನು ನೋಡಿದಳು. ತಿಮ್ಮಬೋವಿಯೂ ನೋಡಿದ.

"ಏನ್ ಹೆಸ್ರು?"

"ಶಾರದೆ." ಹತ್ತು ತಿಂಗಳ ಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂದಿತ್ತು.

"ಎಷ್ಟ್ ತಿಂಗ್ಳಾಗಿತ್ತಪ್ಪ?"

ಇಷ್ಟು ದಿನ ಇದನ್ನು ನನ್ನ ತಾಯಿ ಕೇಳಿರಲಿಲ್ಲ, ಸ್ನೇಹಿತರು ಕೇಳಿರಲಿಲ್ಲ, ಜಾತಕ ತಂದವರಂತೂ ಕೇಳಿರಲಿಲ್ಲ.

"ಎಂಟು," ಎಂದೆ.

"ನಮ್ ಪುಟ್ಟಿಗೂ ಎಂಟೇಯ," ಎಂದಳು. ಅಲ್ಲಿಂದ ಮುಂದೆ ನನ್ನನ್ನು ಬುದ್ದಿ ಎನ್ನಲಿಲ್ಲ.

ಚಪ್ಪಡಿ ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ನಾನು ಎತ್ತರದ ಲೆಕ್ಕ ಹಿಡಿದೆ. ಈ ಸಲ ಪುಸ್ತಕದಿಂದಲ್ಲ. ಸೌದೆ ಹೆಂಗಸರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ, ಪಕ್ಕದಲ್ಲಿ ಅಳತೆಕೋಲು ಹಿಡಿದು, ಭುಜದ ಎತ್ತರ ಬರೆದುಕೊಂಡೆ. ಅವರಿಗೆ ನಗುವೋ ನಗು. "ರವಿಕೆ ಹೊಲಿಸ್ಕೊಡ್ತಿಯೇನಪ್ಪ?" ಎಂದು ಒಬ್ಬಳು ಕೇಳಿದಳು. ಕುಳ್ಳಿಯರಿಗೂ ಆಗಬೇಕು, ಉದ್ದದವರಿಗೂ ಆಗಬೇಕು. ಕೊನೆಗೆ ಚಿಕ್ಕತಾಯಮ್ಮನ ಭುಜಕ್ಕಿಂತ ಎರಡಂಗುಲ ಮೇಲಕ್ಕೆ ಗೆರೆ ಎಳೆದೆವು. ಕುಳ್ಳಿಯರಿಗಾಗಿ ಮುಂದುಗಡೆ ಒಂದು ಮೆಟ್ಟುಗಲ್ಲು. ಒಡೆದ ಎರಡು ಹೋಳುಗಳನ್ನು ಹೊಸ ನಿಲುವುಗಲ್ಲುಗಳ ಬುಡಕ್ಕೆ ಹಾಕಿಸಿದಳು ಚಿಕ್ಕತಾಯಮ್ಮ. "ಇವ್ಳು ಹೊಸಬ್ಳು, ನಮ್ ಪುಟ್ಟಿ ಕೆಳ್ಗಿಂದ ಹಿಡ್ಕಳ್ಳಿ," ಎಂದಳು. ಬಸ್ಸಿನವರಿಗೆ ಮಹಬೂಬ್ ಸಾಬರು ತಮ್ಮ ಅಂಗಡಿಯ ಮರದ ಬೆಂಚು ತಂದು ಹುಣಿಸೆಮರದ ಕೆಳಗೆ ಹಾಕಿದರು. ಮುರಿದ ಕಾಲಿಗೆ ಸೈಕಲ್ ಸರಪಳಿ ಸುತ್ತಿದ್ದರು. "ಶಾನುಭೋಗ್ರು ಕುಂತ್ರೂ ಮುರಿಯಲ್ಲ ಸ್ವಾಮಿ," ಎಂದರು.

ಕಲ್ಲು ನಿಂತ ದಿನ ತಿಮ್ಮಬೋವಿ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದ. ಚಿಕ್ಕತಾಯಮ್ಮ ಎದುರಿಗೆ ನಿಂತು ತಲೆ ಒಡ್ಡಿದಳು. ಹೊರೆ ಜಾರಿ ಚಪ್ಪಡಿಯ ಮೇಲೆ ಸರಿಯಾಗಿ ಕೂತಿತು. ಅವಳು ಸಿಂಬೆ ಬಿಚ್ಚಿಕೊಂಡು, "ಎತ್ರ ಸರಿಯಾಗದೆ," ಎಂದಳು. ಮತ್ತೆ ತಲೆ ಕೊಟ್ಟು ಎದ್ದು, ಪೇಟೆಗೆ ಹೊರಡುತ್ತ ತಿರುಗಿ ನೋಡದೆ ಕೂಗಿದಳು: "ಬರ್ಕೊಳಪ್ಪ. ಅವತ್ತು ಮೂರ್ ದಿನ ಬರ್ಕೊಂಡ್ಯಲ್ಲ, ಇವತ್ತೂ ಬರ್ಕೊ."

ನನ್ನ ಚೀಲದಲ್ಲಿ ಎಣಿಕೆಯ ಹಳೆಯ ಫಾರಂ ಒಂದು ಉಳಿದಿತ್ತು. ಮಹಬೂಬ್ ಸಾಬರ ಹೊಸ್ತಿಲ ಮೇಲೆ ಕೂತು, ಅಂಚಿನಲ್ಲಿ ಇನ್ನೊಂದು ಗೆರೆ ಎಳೆದೆ. ಬಸ್ಸು ಬಂತು, ಮರದ ಕೆಳಗೆ ನಿಂತು, ಇಳಿಜಾರಿನಲ್ಲಿ ತಾನೇ ಹೊರಟಿತು. ಗಾಡಿಗಳು ಮಣ್ಣಿನ ದಾರಿಯಲ್ಲಿ ಹೋದವು. ಸೈಕಲ್ಲಿನ ಪಟ್ಟಿಯಲ್ಲಿ ಯಾರೋ ರಾಗಿ ಒಣಹಾಕಿದ್ದರು, ಮಹಬೂಬ್ ಸಾಬರು ಜಗಳಕ್ಕೆ ಹೋದರು. ಇದಾವುದನ್ನೂ ನಾನು ಬರೆದುಕೊಳ್ಳಲಿಲ್ಲ. ಯಾರಾದರೂ ಕಲ್ಲಿನ ಮೇಲೆ ಹೊರೆ ಇಳಿಸಿದರೆ ಒಂದು ಗೀಟು, ಅಷ್ಟೇ. ಸೌದೆಯವರು, ಹುಲ್ಲಿನವರು, ಮಡಕೆ ಹೊತ್ತ ಕುಂಬಾರರು, ಅವರೆಕಾಯಿ ಮೂಟೆ ಹೊತ್ತ ಒಬ್ಬ ಮುದುಕ. ಊಟಕ್ಕೆ ಏಳಲಿಲ್ಲ. ಹಸಿವಾಗುತ್ತಿತ್ತು, ಅದು ಚೆನ್ನಾಗಿ ಗೊತ್ತಾಗುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಚಿಕ್ಕತಾಯಮ್ಮ ಪೇಟೆಯಿಂದ ಬರಿತಲೆಯಲ್ಲಿ ವಾಪಸ್ಸು ಬಂದಳು. ನನ್ನ ಪಕ್ಕದಲ್ಲಿ ನಿಂತು ಹಾಳೆಯನ್ನು ಇಣುಕಿದಳು. ಓದಲು ಬಾರದವಳು.

"ಎಷ್ಟಾಯ್ತಪ್ಪ?"

"ಮೂವತ್ತೇಳು."

"ನಂದೂ ಸೇರ್ಸಾ?"

"ನಿಮ್ಮದೇ ಮೊದಲನೇದು."

ಅವಳು ಕಲ್ಲಿನ ಕಡೆ ತಿರುಗಿದಳು. "ಅಂಗಾರೆ ಇವತ್ತೊಂದಿನಕ್ಕೇ ಮೂವತ್ತೇಳು ಹೊರೆ ಅಗುರಾದ್ಲು ಕಣಪ್ಪ ನಿನ್ ಸಾರದಮ್ಮ," ಎಂದಳು.

ಆಗ ಬಂತು. ಆ ಹೊಸ್ತಿಲ ಮೇಲೆಯೇ, ಬಸ್ಸಿಗೆ ಕಾಯುವವರ ಎದುರಿಗೆ, ಮೊಣಕಾಲಿನ ಮೇಲೆ ಫಾರಂ ಇಟ್ಟುಕೊಂಡು ಗೋಳೋ ಎಂದು ಅತ್ತೆ. ಮಹಬೂಬ್ ಸಾಬರು ಅಂಗಡಿಯಿಂದ ನೀರು ತಂದು, ಕೊಡಲು ಧೈರ್ಯ ಸಾಲದೆ, ಚೊಂಬು ಹಿಡಿದುಕೊಂಡೇ ನಿಂತರು. ಚಿಕ್ಕತಾಯಮ್ಮ ಸಮಾಧಾನ ಹೇಳಲಿಲ್ಲ. ನಾನು ಮುಗಿಸುವವರೆಗೂ ಪಕ್ಕದಲ್ಲಿ ಕೂತಿದ್ದು, ಆಮೇಲೆ ಹೊತ್ತಾಯಿತೆಂದು ಎದ್ದು ಊರ ದಾರಿ ಹಿಡಿದಳು.

ಮುಂದಿನ ಮಳೆಗಾಲಕ್ಕೆ ನನಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲೆ ಮದುವೆಯಾದೆ, ಮಕ್ಕಳಾದರು, ಬೇಕಾದಷ್ಟು ರಸ್ತೆ ಮಾಡಿಸಿದೆ.

ಇದ್ದಿಲಿನ ವಾಸನೆ ಮೂಗಿಗೆ ಬಡಿದ ಮೇಲೆ ನಿಲ್ದಾಣದಲ್ಲಿ ನಿಲ್ಲಲಾಗಲಿಲ್ಲ. ಚೀಲ ಹಿಡಿದು ಪೂರ್ವದ ರಸ್ತೆಗೆ ನಡೆದೆ. ಡಾಂಬರು ಬಂದಿದೆ, ಮಣ್ಣಿನ ದಾರಿ ಹೋಗಿದೆ, ಸೈಕಲ್ ಅಂಗಡಿ ಇದ್ದಲ್ಲಿ ಟಯರು ಅಂಗಡಿ. ಹುಣಿಸೆಮರವಿಲ್ಲ. ಕಲ್ಲು ಇದೆ. ಅದರ ಬುಡ ರಸ್ತೆಯ ಮಣ್ಣಿನಲ್ಲಿ ಗೇಣುದ್ದ ಹೂತುಹೋಗಿದೆ, ಚಪ್ಪಡಿಯ ನಡುಭಾಗ ನುಣುಪಾಗಿದೆ. ಎದುರಿಗೆ ನಿಂತುಕೊಂಡೆ. ಹುಲ್ಲು ಹೊತ್ತ ಹುಡುಗಿಯೊಬ್ಬಳು ಬಂದು ಇಳಿಸಿ ಹೋದಳು. ಹಾಲಿನ ಕ್ಯಾನು ತಂದವನೊಬ್ಬ ಇಳಿಸಿ ಬೀಡಿ ಹಚ್ಚಿದ. ಅಷ್ಟರಲ್ಲಿ ಕೋಸಿನ ಬುಟ್ಟಿ ಹೊತ್ತ ಹೆಂಗಸು, ಜಾಗ ಬಿಡು ಎಂದು ಅವನನ್ನು ಗದರಿ, ತಾನೂ ಇಳಿಸಿದಳು. ಮೈಸೂರಿನ ಬಸ್ಸು ತಪ್ಪಿಹೋಯಿತು. ಮುಂದಿನ ಬಸ್ಸಿನಲ್ಲಿ ಕೂತು, ಕೊಂಡ ಟಿಕೆಟ್ಟಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಮೂರು ಗೀಟು ಎಳೆದುಕೊಂಡೆ.